ಕೈ ಹೆಚ್ಚೋ, ಕೆಲಸ ಹೆಚ್ಚೋ

ಕೈಗಿಂತ ಕೆಲಸ ಹೆಚ್ಚು ಎಂದು ಶಿವಬಸವ್ವ ಹೇಳಿದ್ದಳು. ಕೆಲಸಕ್ಕಿಂತ ಕೈ ಹೆಚ್ಚು ಎಂದು ವರದಾ ದಾಖಲಿಸಿದಳು.

ಅದಾಗಿ ಒಂದು ವಾರ. ಪುಣೆ ಹತ್ತಿರದ ನಿಗಡಿಯ ಮನೆಯಲ್ಲಿ ಕಪಾಟಿನ ಕನ್ನಡಿಯೆದುರು ವರದಾ ಅವ್ವನ ಇಳಕಲ್ ಸೀರೆಯ ನಿರಿಗೆ ಹಿಡಿದು ನಿಂತಿದ್ದಳು. ಸೀರೆ ಉಡುವ ವಿಚಾರ ಅವಳದಲ್ಲ. ನಿಮ್ಮ ಕಡೆಯ ಸೀರೆ ಉಟ್ಟು ಬಾ, ಕೈಮಗ್ಗದ್ದು, ಫೋಟೋದಲ್ಲಿ ಚಂದ ಕಾಣುತ್ತದೆ ಎಂದು ಕೇದಾರ್ ಸರ್ ನಿನ್ನೆ ಆಫೀಸಿನಲ್ಲಿ ಎಲ್ಲರೆದುರು ಮರಾಠಿಯಲ್ಲಿ ಹೇಳಿದ್ದರು. ಪಕ್ಕದ ಮೇಜಿನವನು ನಕ್ಕಿದ್ದ. ಅವಳೂ ನಕ್ಕಿದ್ದಳು, ಅವನಿಗಿಂತ ತುಸು ಮೊದಲೇ. ಅವ್ವ ಹಿಂದೆ ಕೂತು ಸೆರಗಿಗೆ ಪಿನ್ನು ಚುಚ್ಚುತ್ತ, 'ಗೌರಿ ಹಬ್ಬಕ್ಕ ಉಡು ಅಂದ್ರ ಸೆಕಿ ಆಗತದ ಅಂತಿದ್ದಿ. ಆಫೀಸಿಗೆ ಸೆಕಿ ಆಗೂದಿಲ್ಲೇನು?' ಎಂದಳು. ಪಿನ್ನು ಭುಜಕ್ಕೆ ತಾಗಿತು. ತಾಗಿದ್ದು ಒಳ್ಳೆಯದೇ ಆಯಿತು ಅನ್ನಿಸಿತು, ಯಾಕೆ ಅನ್ನಿಸಿತೋ. ಇದರಲ್ಲಿ ಮೋಸ ಅನ್ನುವಂಥದ್ದು ಏನಿದೆ, ಒಂದು ಚೌಕ ಹೊರಳಿಸಿದೆ ಅಷ್ಟೆ, ಹೊರಳಿಸು ಅಂತ ಯಂತ್ರವೇ ತೋರಿಸಿತ್ತು ಎಂದು ಅವಳು ಕನ್ನಡಿಗೆ ಇನ್ನೊಂದು ಸಲ ಹೇಳಿದಳು. ಕನ್ನಡಿಯಲ್ಲಿದ್ದವಳು ಫೋಟೋಕ್ಕೆ ತಯಾರಾಗಿದ್ದಳು.

ಬಟ್ಟೆ ಕಾರ್ಖಾನೆಗಳು ನದಿಯನ್ನೂ ಮನುಷ್ಯರನ್ನೂ ಕಡಿಮೆ ಕೆಡಿಸಿ ಹೇಗೆ ನಡೆಯಬೇಕು ಎಂದು ಲೆಕ್ಕ ಹಾಕಿ ಹೇಳುವುದು ಅವಳ ಆಫೀಸಿನ ಕಸುಬು. ಲೆಕ್ಕಕ್ಕೆ ಒಂದು ಪದ್ಧತಿ ಇದೆ. ಎಷ್ಟೇ ಗೋಜಲಿನ ಪ್ರಶ್ನೆಯಿರಲಿ, ಅದನ್ನು ಎರಡೆರಡಾಗಿ ಒಡೆದು ಸಂಬಂಧಪಟ್ಟವರನ್ನು ಕೇಳಬೇಕು. ನೀರು ಹೆಚ್ಚೋ, ಕೆಲಸಗಾರರ ಆರೋಗ್ಯ ಹೆಚ್ಚೋ? ಎಷ್ಟು ಪಟ್ಟು ಹೆಚ್ಚು? ಒಂದರಿಂದ ಒಂಬತ್ತರೊಳಗೆ ಒಂದು ಅಂಕಿ ಹೇಳಿ. ಹೇಳಿದ್ದನ್ನು ಚೌಕಗಳಲ್ಲಿ ತುಂಬಿದರೆ ಯಂತ್ರ ಗುಣಿಸಿ, ಭಾಗಿಸಿ, ಯಾವುದಕ್ಕೆ ಎಷ್ಟು ತೂಕ ಎಂದು ಹೇಳುತ್ತದೆ. ಆಮೇಲೆ ನಿರ್ಧಾರ ಯಾರದೂ ಅಲ್ಲ. ಶೇಠನದಲ್ಲ, ಸಾಹೇಬನದಲ್ಲ, ಪದ್ಧತಿಯದು. ಯಾರನ್ನಾದರೂ ಬೀದಿಗೆ ಹಾಕಬೇಕಾದರೆ ಇದರಷ್ಟು ಸಭ್ಯವಾದ ದಾರಿ ಇನ್ನೊಂದಿಲ್ಲ. ಹೀಗೆ ಅನ್ನಿಸಿದೊಡನೆ ವರದಾ ಬೇಗ ಬೇಗ ಬಳೆ ಹಾಕಿಕೊಂಡಳು, ಬಳೆಯ ಸದ್ದಿಗೆ ಆ ವಿಚಾರ ಎದ್ದು ಹೋದೀತು ಎನ್ನುವಂತೆ.

ಆ ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಶಿವಬಸವ್ವ ಎದುರಿನ ಬೆಂಚಿನ ಮೇಲೆ ಒಂದು ಕಾಲು ಮಡಚಿ ಕೂತಿದ್ದಳು. ಇಂಡಿ ತಾಲ್ಲೂಕಿನವಳು, ಪುಣೆಗೆ ಬಂದ ಮೇಲೆ ಮಗಳ ಮದುವೆಯೂ ಆಗಿದೆ. ಆ ಕಾರ್ಖಾನೆಯಲ್ಲಿ ಹೊಸ ಜೀನ್ಸ್ ಪ್ಯಾಂಟುಗಳನ್ನು ಹಳೆಯವುಗಳಂತೆ ಕಾಣುವ ಹಾಗೆ ಮಾಡುತ್ತಾರೆ. ತೊಡೆಯ ಮೇಲೆ, ಮೊಣಕಾಲ ಮೇಲೆ ಬಣ್ಣ ಹಾರಿಸಲು ಪೀಪಿ ಎಂದು ಎಲ್ಲರೂ ಕರೆಯುವ ನೇರಳೆ ಬಣ್ಣದ ನೀರನ್ನು ಪಿಸ್ತೂಲಿನಿಂದ ಸಿಂಪಡಿಸಬೇಕು. ಸಿಂಪಡಿಸುವವರೆಲ್ಲ ಹೆಂಗಸರು, ಹೆಚ್ಚಿನವರು ವಿಜಾಪುರ, ಕಲಬುರಗಿ ಕಡೆಯವರು. ನೇರಳೆ ನೀರು ಕೈಗೆ ತಾಗಿದರೆ ಚರ್ಮ ಕಂದಾಗುತ್ತದೆ, ಒಡೆಯುತ್ತದೆ. ಶಿವಬಸವ್ವನ ಕೈ ಮೊಣಕೈತನಕ ಸುಟ್ಟ ಬದನೆಕಾಯಿಯ ಹಾಗಿತ್ತು. ವರದಾ ಆ ಕೈಗಳನ್ನು ನೋಡಬಾರದೆಂದು ಲ್ಯಾಪ್‌ಟಾಪನ್ನೇ ನೋಡುತ್ತಿದ್ದಳು.

'ನೀರು ಹೆಚ್ಚೋ, ಕೈ ಹೆಚ್ಚೋ ಹೇಳ್ರಿ.'

'ಯಾವ ನೀರ್ರಿ?'

'ಇಲ್ಲಿಂದ ನದಿಗೆ ಹೋಗ್ತದಲ್ಲ, ಆ ನೀರು.'

'ನನ್ನ ಕೈ ಸುಟ್ಟಾಗ ನದಿ ಬಂದು ಎಣ್ಣಿ ಹಚ್ಚತೈತೇನ್ರಿ? ಕೈನ ಹೆಚ್ಚು.'

'ಕೈ ಹೆಚ್ಚೋ, ಕೆಲಸ ಹೆಚ್ಚೋ?'

'ಕೈ ಸುಟ್ರ ಎಣ್ಣಿ ಹಚ್ಚತೀನಿ. ಕೆಲಸ ಹೋದ್ರ ಏನ್ ಹಚ್ಚಲಿ? ಕೆಲಸ ಬರಕೋರಿ.'

'ಕೆಲಸ ಹೆಚ್ಚೋ, ನೀರು ಹೆಚ್ಚೋ?'

ಶಿವಬಸವ್ವ ಮಡಚಿದ ಕಾಲು ಕೆಳಗಿಳಿಸಿದಳು. ಪಕ್ಕದ ಬೆಂಚಿನ ಹೆಂಗಸರು ಅವಳನ್ನೇ ನೋಡುತ್ತಿದ್ದರು. 'ನೀರು ಅನ್ನಬೇಕಾಗತೈತಿ,' ಎಂದಳು. 'ಹೋದ ಬ್ಯಾಸಗಿಯಾಗ ನೀರಿಲ್ಲಂತ ಹದಿನೈದು ದಿನ ಗೇಟ್ ಮುಚ್ಚಿದ್ರು. ನೀರಿದ್ರನ ಕೆಲಸ.' ಆಮೇಲೆ ನಕ್ಕು, 'ಏನ್ ಮೇಡಂ, ಪಾಸೋ ನಪಾಸೋ?' ಎಂದು ಕೇಳಿದಳು.

ನಪಾಸು. ಆಫೀಸಿಗೆ ಬಂದು ಅಂಕಿಗಳನ್ನು ತುಂಬಿದಾಗ ಪರದೆ ಕೆಂಪಾಯಿತು. ನೀರಿಗಿಂತ ಕೈ, ಕೈಗಿಂತ ಕೆಲಸ, ಕೆಲಸಕ್ಕಿಂತ ನೀರು: ಉತ್ತರ ಸುತ್ತು ಹಾಕಿ ಹೊರಟಲ್ಲಿಗೇ ಬಂದಿತ್ತು. ಹೀಗೆ ಸುತ್ತು ಹಾಕುವ ಉತ್ತರವನ್ನು ಪದ್ಧತಿ ಒಪ್ಪುವುದಿಲ್ಲ. ಅದಕ್ಕೆ ಅಸಂಗತ ಎನ್ನುತ್ತಾರೆ. ಯಾವ ಚೌಕ ಹೊರಳಿಸಿದರೆ ಎಲ್ಲಕ್ಕಿಂತ ಬೇಗ ಸುಸಂಗತವಾಗುತ್ತದೆ ಎಂದು ಯಂತ್ರ ಹಳದಿ ಬಣ್ಣ ಬಳಿದು ತೋರಿಸುತ್ತದೆ. ನಿಯಮದ ಪ್ರಕಾರ ಉತ್ತರ ಕೊಟ್ಟವರ ಹತ್ತಿರ ಮತ್ತೆ ಹೋಗಿ, ಇನ್ನೊಮ್ಮೆ ಯೋಚಿಸಿ ಎಂದು ಕೇಳಬೇಕು. ಕೇದಾರ್ ಸರ್ ಅವಳ ಕುರ್ಚಿಯ ಹಿಂದೆ ನಿಂತು, ಪರದೆಯ ಮೇಲೆ ಬಾಗಿ, 'ಕೇಳಿದೆ ಅಂತ ತಿಳ್ಕೋ' ಎಂದರು. ಅವರ ಬಾಯಿಂದ ಲವಂಗದ ವಾಸನೆ ಬರುತ್ತಿತ್ತು. ಆ ವಾಸನೆಯಿಂದ ತಪ್ಪಿಸಿಕೊಳ್ಳಲಿಕ್ಕೆ ಎಂಬಂತೆ ಅವಳು ಒತ್ತಿದಳು. ಹಳದಿ ಚೌಕ ಹಸಿರಾಯಿತು. ಎಲ್ಲಕ್ಕಿಂತ ಮೇಲೆ ಕೈ, ಆಮೇಲೆ ನೀರು, ಎಲ್ಲಕ್ಕಿಂತ ಕೆಳಗೆ ಕೆಲಸ.

ಆ ಒಂದು ಒತ್ತಿನಿಂದ ಏನಾಯಿತೆಂದು ಅವಳಿಗೆ ಆಗಲೇ ಗೊತ್ತಿತ್ತು. ಕಾರ್ಖಾನೆಯ ಮುಂದೆ ಇದ್ದ ದಾರಿ ಎರಡು. ಒಂದು, ಸಿಂಪಡಿಸುವ ಜಾಗಕ್ಕೆ ಹೊಗೆ ಎಳೆಯುವ ಕೋಣೆಗಳನ್ನು ಕಟ್ಟಿ, ಹೊಲಸು ನೀರು ತೊಳೆಯುವ ಟಾಂಕಿ ಕೂರಿಸಿ, ಹೆಂಗಸರನ್ನು ಇಟ್ಟುಕೊಳ್ಳುವುದು. ಎರಡು, ಲೇಸರ್ ಮಷಿನ್ ತರುವುದು. ಅದು ಬೆಳಕಿನಿಂದಲೇ ಬಣ್ಣ ಸುಡುತ್ತದೆ, ಪೀಪಿ ಬೇಡ, ನೀರು ಬೇಡ, ಹೆಂಗಸರೂ ಬೇಡ. ಪ್ಯಾಂಟು ಕೊಳ್ಳುವ ವಿದೇಶೀ ಕಂಪನಿ, ಕೆಲಸಗಾರರ ದನಿ ಇಲ್ಲದ ನಿರ್ಧಾರಕ್ಕೆ ತಾವು ಕೈ ಜೋಡಿಸುವುದಿಲ್ಲ ಎಂದು ಹಟ ಹಿಡಿದಿದ್ದಕ್ಕೆ ಶಿವಬಸವ್ವನ ಮೂರು ಉತ್ತರ ತಕ್ಕಡಿಗೆ ಬಿದ್ದದ್ದು. ಕೈಗಿಂತ ಕೆಲಸ ಹೆಚ್ಚು ಎಂದು ಅವಳು ಹೇಳಿದ್ದು ಉಳಿದಿದ್ದರೆ ಮೊದಲನೆಯ ದಾರಿ ಗೆಲ್ಲುತ್ತಿತ್ತು. ಈಗ ಲೇಸರ್ ಗೆದ್ದಿತ್ತು, ಅದೂ ಶಿವಬಸವ್ವನ ಬಾಯಿಂದ. ನನ್ನ ಕೈ ಉಳಿದರೆ ಸಾಕು, ಕೆಲಸ ಹೋದರೂ ಚಿಂತೆಯಿಲ್ಲ ಎಂದು ಅವಳೇ ಹೇಳಿದ ಹಾಗೆ.

ವರದಾ ಚಿಕ್ಕವಳಿದ್ದಾಗಲೂ ಒಮ್ಮೆ ಹೀಗೇ ಆಗಿತ್ತು. ದೇಹೂ ರೋಡ್‌ನ ಮಿಲಿಟರಿ ಡಿಪೋದಲ್ಲಿ ಅಪ್ಪ ಗುಮಾಸ್ತನಾಗಿದ್ದಾಗ, ಕ್ವಾರ್ಟರ್ಸಿಗೆ ಧಾರವಾಡದಿಂದ ಸೋದರಮಾವ ಬಂದಿದ್ದ. ಪೇಢೆಯ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದು, ಅಪ್ಪ ಹೆಚ್ಚೋ ಅವ್ವ ಹೆಚ್ಚೋ ಎಂದು ಕೇಳಿದ. ಅಪ್ಪ ಎದುರಿಗೇ ಕೂತಿದ್ದ, ಅಪ್ಪ ಎಂದಳು. ಅಪ್ಪ ಹೆಚ್ಚೋ ಅಜ್ಜಿ ಹೆಚ್ಚೋ? ಅಜ್ಜಿ. ಅಜ್ಜಿ ಹೆಚ್ಚೋ ಅವ್ವ ಹೆಚ್ಚೋ? ಅವ್ವ ಅಡಿಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈ ಎತ್ತಿಕೊಂಡು ನಿಂತಿದ್ದಳು, ಅವಳ ಮುಖ ನೋಡಿ, ಅವ್ವ ಎಂದಳು. ಮನೆಮಂದಿಯೆಲ್ಲ ಹೊಟ್ಟೆ ಹಿಡಿದು ನಕ್ಕರು. ಹುಡುಗಿಗೆ ಲೆಕ್ಕ ಬರೂದಿಲ್ಲ, ಇನ್ನೊಮ್ಮೆ ಕೇಳು ಎಂದರು. ಮಾವ ಮತ್ತೆ ಕೇಳಿದ, ಮತ್ತೆ ಕೇಳಿದ, ಅವಳು ಅತ್ತು, ಕೊನೆಗೆ ಅವರಿಗೆ ಬೇಕಾದದ್ದನ್ನು ಹೇಳುವ ತನಕ ಕೇಳಿದ. ಅಳುತ್ತಲೇ ಪೇಢೆ ತಿಂದಳು. ಪೇಢೆ ಸಿಹಿಯಾಗಿಯೇ ಇತ್ತು. ಅದೇ ಇಷ್ಟು ವರ್ಷವಾದರೂ ಮರೆಯಲಾಗದ್ದು.

ಕೆಳಗೆ ಹಾರ್ನ್ ಆಯಿತು. ಕೇದಾರ್ ಸರ್ ಕಾರಿನ ಎದುರಿನ ಬಾಗಿಲು ತೆರೆದು, ಅವಳನ್ನು ಮೇಲಿಂದ ಕೆಳಗೆ ನೋಡಿ, 'ವಾಹ್, ಇವತ್ತು ನಮ್ಮ ಕಾನಡಿ ಹುಡುಗಿ ಒರಿಜಿನಲ್' ಎಂದರು. ಕಾನಡಿ ಎಂದರೆ ಕನ್ನಡದವಳು. ಶಾಲೆಯಲ್ಲಿ ಆ ಶಬ್ದದ ಜೊತೆಗೆ ಒಂದು ಕುಣಿತವೂ ಇರುತ್ತಿತ್ತು, ಕೇದಾರ್ ಸರ್ ಕುಣಿಯುವುದಿಲ್ಲ, ಅಷ್ಟೇ ವ್ಯತ್ಯಾಸ. ಹಾಗೆ ನೋಡಿದರೆ ಅವರು ಕೆಟ್ಟವರಲ್ಲ. ನದಿಯ ಬಗ್ಗೆ ಮಾತಾಡುವಾಗ ಅವರ ಕಣ್ಣು ನಿಜವಾಗಿ ತೇವವಾಗುವುದನ್ನು ಅವಳು ಕಂಡಿದ್ದಾಳೆ. ಗಾಡಿ ಕಾರ್ಖಾನೆಯಿರುವ ತಳವಡೆಯ ರಸ್ತೆಗೆ ಹೊರಳಿತು. ಲಾರಿಗಳ ಹಿಂದೆ ಸಿಕ್ಕಿಕೊಂಡು ನಿಂತಲ್ಲೆಲ್ಲ ಅವರು ಅವಳಿಗೆ ಇವತ್ತಿನ ಕೆಲಸ ತಿಳಿಸಿಕೊಟ್ಟರು.

'ನಾನು ಫಲಿತಾಂಶ ತೋರಿಸ್ತೀನಿ. ಆಮೇಲೆ ಆ ಬಾಯಿಯನ್ನು ಒಳಗೆ ಕರೀತೀವಿ. ನೀನು ಕನ್ನಡದಲ್ಲಿ ಕೇಳು: ಇವು ನಿಮ್ಮವೇ ಉತ್ತರ, ಹೌದಲ್ಲ? ಅವಳು ಹೌದು ಅಂತಾಳೆ. ಫೋಟೋ. ಮುಗೀತು.' ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು.

'ಅವರಿಗೆ ಮರಾಠಿ ಬರತ್ತೆ ಸರ್. ನೀವೇ ಕೇಳಬಹುದು.'

'ಮಾತೃಭಾಷೆಯಲ್ಲಿ ಕೇಳಿದರೇನೇ ಕಂಪನಿಯವರಿಗೆ ವಿಶ್ವಾಸ. ಅದಕ್ಕೇ ಅಲ್ಲವೇನು ನಿನ್ನನ್ನ ಈ ಪ್ರಾಜೆಕ್ಟಿಗೆ ಹಾಕಿದ್ದು?'

ಅದಕ್ಕೇ. ಅವಳು ಕಿಟಕಿಯತ್ತ ನೋಡಿದಳು. ಲೆಕ್ಕ ಚೆನ್ನಾಗಿ ಬರುತ್ತದೆಂದು ಹಾಕಿದ್ದಾರೆ ಎಂದುಕೊಂಡಿದ್ದಳು. ಅವ್ವನ ಹೊಟ್ಟೆಯಿಂದ ತಂದ ಮಾತು, ಹೊರಗೆ ಬಸ್ಸಿನಲ್ಲಿ ಫೋನ್ ಬಂದರೆ ದನಿ ಇಳಿಸಿ ಆಡುವ ಮಾತು, ಅದೇ ಅವಳ ಬಂಡವಾಳ. 'ಮುಂದಿನ ತಿಂಗಳು ನಿನ್ನದು ಕಾಯಂ ಮಾಡಬೇಕು ಅಂತ ಮೇಲೆ ಹೇಳಿದೀನಿ' ಎಂದರು ಕೇದಾರ್ ಸರ್, ಗೇರು ಬದಲಿಸುತ್ತ. ಬೆದರಿಕೆಯ ದನಿಯಲ್ಲ, ಪೇಢೆಯ ದನಿ. ವರದಾ ತನ್ನ ಕೈಗಳನ್ನು ನೋಡಿಕೊಂಡಳು. ಮೆತ್ತಗಿನ, ಸ್ವಚ್ಛ ಕೈಗಳು. ಇವಕ್ಕಿಂತ ಕೆಲಸ ಹೆಚ್ಚೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಕೇಳಿದರೆ ಅಂಕಿ ಎಷ್ಟು ಹೇಳಿಯಾಳು.

ಕಾರ್ಖಾನೆಯ ಗೇಟಿನೊಳಗೆ ಕಾಲಿಟ್ಟರೆ ಮೂಗಿಗೆ ಮೊದಲು ಬಡಿಯುವುದು ಗಂಧಕದ ವಾಸನೆ. ಕೇದಾರ್ ಸರ್ ಮಾಲೀಕ ಮೋಹನದಾಸ್ ಶೇಠರ ಕೋಣೆಗೆ ಹೋದರು; ವರದಾ, ಶಿವಬಸವ್ವನನ್ನು ಕರೆದುಕೊಂಡು ಬರುತ್ತೇನೆಂದು ಹಿಂದಿನ ಶೆಡ್ಡಿನತ್ತ ನಡೆದಳು. ಸೀರೆಯ ಅಂಚು ಒದ್ದೆ ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ನಡೆಯುವುದು ಅವಮಾನದ ಹಾಗೆ ಇತ್ತು. ಶೆಡ್ಡಿನ ಪಕ್ಕ ಹೊಸದಾಗಿ ಸಿಮೆಂಟ್ ಹಾಕಿ ಎತ್ತರದ ಕಟ್ಟೆ ಕಟ್ಟಿದ್ದರು. ನಾಲ್ಕು ಮೂಲೆಗೆ ದಪ್ಪ ಬೋಲ್ಟುಗಳು ಮೇಲೆ ಮುಖ ಮಾಡಿ ನಿಂತಿದ್ದವು. ಸಿಮೆಂಟು ಆಗಲೇ ಒಣಗಿ ಬೆಳ್ಳಗಾಗಿತ್ತು. ಯಾವುದೋ ನಾಯಿ ಹಸಿಯಿದ್ದಾಗ ದಾಟಿಹೋದ ಹೆಜ್ಜೆ ಕೂಡ ಗಟ್ಟಿಯಾಗಿ ಕೂತುಬಿಟ್ಟಿತ್ತು. ಇವತ್ತು ತೀರ್ಮಾನವಾಗಬೇಕಾದ ಮಷಿನ್ನಿಗೆ ಪೀಠ ಮೊದಲೇ ತಯಾರಾಗಿತ್ತು. ವರದಾ ಅದರ ಮುಂದೆ ಸುಮ್ಮನೆ ನಿಂತಳು. ಎರಡೆರಡು ಮಾಡಿ ಕೇಳಿದ ಪ್ರಶ್ನೆ, ಕೆಂಪು, ಹಳದಿ, ಹಸಿರು, ಕುರ್ಚಿಯ ಹಿಂದಿನ ಲವಂಗದ ವಾಸನೆ, ಇಷ್ಟು ದಿನದ ನಿದ್ದೆಗೇಡು, ಎಲ್ಲವೂ ಈ ಕಟ್ಟೆಗೆ ಮಾಡಿದ ಪೂಜೆ. ತಾನು ಪೂಜಾರಿಯೂ ಅಲ್ಲ, ಗಂಟೆ ಬಾರಿಸಲು ಕರೆಸಿಕೊಂಡವಳು.

'ಅದೇನ್ ಬರತೈತ್ರಿ ಅಲ್ಲಿ?' ಹಿಂದಿನಿಂದ ಶಿವಬಸವ್ವನ ದನಿ. ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಕುತ್ತಿಗೆಗೆ ಇಳಿಸಿಕೊಂಡು ನಿಂತಿದ್ದಳು. 'ಕೆಲಸ ಮಾಡಸೂ ಮುಕಾದಮನ್ನ ಕೇಳಿದ್ರ ಗಣಪತಿ ಕೂಡಸ್ತೀವಿ ಅಂದ. ಗಣಪತಿಗೆ ಬೋಲ್ಟ್ ಯಾಕ ಬೇಕು?' ಆಮೇಲೆ ವರದಾಳ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, 'ಇಳಕಲ್ ಛಲೋ ಐತ್ರಿ. ನಿಮ್ಮ ಅವ್ವಂದೇನು? ಅದಕ್ಕ ನೋಡ್ರಿ, ನಿಮ್ಮ ಮೈಮ್ಯಾಲೆ ಒಲ್ಲೆ ಒಲ್ಲೆ ಅಂತೈತಿ' ಎಂದು ನಕ್ಕಳು.

ವರದಾ ನಗಲಿಲ್ಲ. ಹೇಳಿಬಿಟ್ಟಳು. ಹೇಗೆ ಶುರು ಮಾಡಿದಳೋ ಅವಳಿಗೇ ತಿಳಿಯಲಿಲ್ಲ. ಕಟ್ಟೆಯ ಮೇಲೆ ಬರುವ ಮಷಿನ್, ಅದು ಬಂದರೆ ಪಿಸ್ತೂಲು ಹಿಡಿಯುವವರು ಬೇಡ, ಅದನ್ನು ಗೆಲ್ಲಿಸಿದ್ದು ನಿಮ್ಮ ಹೆಸರಿನ ಉತ್ತರ, ಆ ಉತ್ತರ ನಾನು ಹೊರಳಿಸಿದೆ. ಶಿವಬಸವ್ವ ಬಯ್ಯುತ್ತಾಳೆಂದು, ಕೆನ್ನೆಗೆ ಕೈ ಹಾಕಿದರೂ ಹಾಕಿಯಾಳೆಂದು, ಹಾಕಿದರೆ ಒಳ್ಳೆಯದೆಂದು ಕಾದಳು. ಶಿವಬಸವ್ವ ಕಟ್ಟೆಯ ಮೇಲಿನ ನಾಯಿಯ ಹೆಜ್ಜೆಯನ್ನು ನೋಡುತ್ತಿದ್ದಳು.

'ನಾ ಅಂದದ್ದು ಕೆಲಸ.'

'ಹೌದ್ರಿ.'

'ನೀವು ಬರದದ್ದು ಕೈ.'

'ಹೌದ್ರಿ.'

'ಮತ್ತ ಈಗ ಯಾಕ ಹೇಳಾಕ ಬಂದೀರಿ?'

'ಒಳಗ ಕರದು ಕೇಳ್ತಾರ, ಇವು ನಿಮ್ಮ ಉತ್ತರ ಹೌದೋ ಅಲ್ಲೋ ಅಂತ. ಅಲ್ಲ ಅಂದುಬಿಡ್ರಿ. ಮುಂಬಯಿಯಿಂದ ಕಂಪನಿ ಕಡೆಯವರು ಬಂದಾರ. ನೀವು ಅಲ್ಲ ಅಂದ್ರ ಎಲ್ಲಾ ನಿಲ್ತದ.'

'ನಿಲ್ತದೇನು ಖರೇ?'

ವರದಾ ಕಟ್ಟೆಯತ್ತ ನೋಡಿದಳು. ಬೋಲ್ಟುಗಳು ಬಿಸಿಲಿಗೆ ಹೊಳೆಯುತ್ತಿದ್ದವು.

'ನೋಡ್ರಿ,' ಎಂದಳು ಶಿವಬಸವ್ವ. ದನಿ ಏರಲಿಲ್ಲ. 'ಮಷಿನ್ ಬರೂತನಕ ಇನ್ನ ನಾಕಾರು ತಿಂಗಳು ಸಿಗತೈತಿ ನಮಗ. ಇವತ್ತ ನಾ ಬಾಯಿ ಮಾಡಿದ್ರ ಇವತ್ತ ಸಂಜಿಗೆ ನನ್ನ ಗೇಟ್ ಬಂದ್. ನಾ ಅನ್ನೂದಿಲ್ಲ.'

'ಆದ್ರ ಅದು ಸುಳ್ಳಲ್ಲೇನ್ರಿ?'

'ಸುಳ್ಳು ನಂದಲ್ಲ. ಆವತ್ತ ನನ್ನ ಬಾಯಿ ತಗೊಂಡು ಹೌದ ಅನಸಿದ್ರಿ. ಇವತ್ತ ಅದ ಬಾಯಿ ತಗೊಂಡು ಅಲ್ಲ ಅನಸಾಕ ಬಂದೀರಿ. ಎಷ್ಟ ಸಲ ತಗೋತೀರಿ, ತಂಗಿ? ನಿಮಗೂ ಒಂದು ಕೊಟ್ಟಾನಲ್ಲ ದೇವರು.' ಮೂಗಿನ ಬಟ್ಟೆ ಬಿಚ್ಚಿ, ಕೊಡವಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. 'ನಡೀರಿ, ಕಾಯ್ತಾರ. ಫೋಟೋ ತಗೀತಾರಂತಲ್ಲ, ಮುಖಾ ತೊಕ್ಕೊಂಡು ಬರ್ಲೇನು, ಹಿಂಗ ಇದ್ರ ನಡೀತೈತೇನು?'

ಹಿಂಗೇ ಇದ್ದರೆ ನಡೆಯುತ್ತಿತ್ತು. ಹಾಗೇ ಇರಲಿ ಎಂದು ಕೇದಾರ್ ಸರ್ ಹೇಳಿಯೂ ಇದ್ದರು. ಮೀಟಿಂಗ್ ಕೋಣೆ ತಣ್ಣಗಿತ್ತು. ಮೋಹನದಾಸ್ ಶೇಠರು ಕುರ್ಚಿಯಲ್ಲಿ ಒರಗಿ, ಬೆರಳಿನ ಉಂಗುರ ತಿರುಗಿಸುತ್ತಿದ್ದರು. ಖರೀದಿ ಕಂಪನಿಯ ಪರವಾಗಿ ಮುಂಬಯಿಯಿಂದ ಬಂದಿದ್ದ ನೀಲಿಮಾ ಎಂಬಾಕೆ ಎದ್ದು ನಿಂತು ಶಿವಬಸವ್ವನಿಗೆ ಕೈ ಮುಗಿದು, ತನ್ನ ಪಕ್ಕದ ಕುರ್ಚಿ ತೋರಿಸಿದಳು. ಶಿವಬಸವ್ವ ಕೂರಲಿಲ್ಲ. ಮೈಮೇಲಿನ ಪೀಪಿ ಕುರ್ಚಿಯ ಬಿಳಿ ಬಟ್ಟೆಗೆ ಹತ್ತುತ್ತದೆ ಎಂದು ಮರಾಠಿಯಲ್ಲಿ ಹೇಳಿ ಗೋಡೆಯ ಹತ್ತಿರ ನಿಂತಳು. ಗೋಡೆಯ ಮೇಲೆ ಬಣ್ಣದ ಚಿತ್ರಗಳು ಬರತೊಡಗಿದವು. ಕೇದಾರ್ ಸರ್ ನದಿಯಿಂದ ಶುರು ಮಾಡಿದರು. ಅವರ ಕಣ್ಣು ತೇವವಾಯಿತು. ಆಮೇಲೆ ತೂಕಗಳು ಬಂದವು, ಕಂಬಗಳಾಗಿ: ಕೈಯ ಕಂಬ ಎತ್ತರ, ನೀರಿನದು ಅದಕ್ಕಿಂತ ಗಿಡ್ಡ, ಕೆಲಸದ್ದು ನೆಲಕ್ಕೆ ಅಂಟಿಕೊಂಡ ಒಂದು ಗೆರೆ. ಇದು ನಮ್ಮ ಅಂಕಿಯಲ್ಲ, ಪಿಸ್ತೂಲು ಹಿಡಿದ ಹೆಂಗಸರೇ ಹೇಳಿದ್ದು, ಹೊಟ್ಟೆಪಾಡಿಗಿಂತ ಆರೋಗ್ಯ ದೊಡ್ಡದು ಎಂದು ಅವರೇ ಹೇಳುತ್ತಿದ್ದಾರೆ ಎಂದರು ಕೇದಾರ್ ಸರ್. ನೀಲಿಮಾ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವಳು ಉಟ್ಟದ್ದೂ ಕೈಮಗ್ಗದ್ದೇ.

ವರದಾ ಆ ಗೆರೆಯನ್ನು ನೋಡುತ್ತಿದ್ದಳು. ಅಷ್ಟು ತೆಳ್ಳಗಿನ ಗೆರೆಯ ಮೇಲೆ ಒಂದು ಶೆಡ್ಡಿನ ಹೆಂಗಸರು ನಿಂತಿದ್ದಾರೆ ಎಂದು ಇವರಿಗೆ ಕಾಣುವುದಿಲ್ಲವೆ, ಅಥವಾ ಕಾಣಬಾರದೆಂದೇ ಅದನ್ನು ಅಷ್ಟು ತೆಳ್ಳಗೆ ಎಳೆದದ್ದೆ. ನದಿ ಬದುಕುತ್ತದೆ, ಕೈ ವಾಸಿಯಾಗುತ್ತದೆ, ಅದು ಸುಳ್ಳಲ್ಲ. ವಾಸಿಯಾದ ಕೈ ಹೊತ್ತುಕೊಂಡು ಇವಳು ಯಾವ ಗೇಟಿಗೆ ಹೋಗಬೇಕು ಎನ್ನುವುದಕ್ಕೆ ಚೌಕವೇ ಇರಲಿಲ್ಲ. ಸೆರಗಿನ ಪಿನ್ನು ಮತ್ತೆ ಭುಜಕ್ಕೆ ಒತ್ತುತ್ತಿತ್ತು. ನಿಮಗೂ ಒಂದು ಕೊಟ್ಟಾನಲ್ಲ ದೇವರು. ಅಡಿಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈ ಎತ್ತಿ ಹಿಡಿದು ನಿಂತ ಅವ್ವ. ಇನ್ನೊಮ್ಮೆ ಕೇಳು, ಹುಡುಗಿಗೆ ಲೆಕ್ಕ ಬರೂದಿಲ್ಲ.

'ವರದಾ,' ಕೇದಾರ್ ಸರ್ ಎಂದರು. 'ಕೇಳು ಅವರನ್ನ. ಕನ್ನಡದಲ್ಲಿ. ಇವು ನಿಮ್ಮವೇ ಉತ್ತರ, ಹೌದಲ್ಲ ಅಂತ.'

ಫೋಟೋ ತೆಗೆಯುವವನು ಕ್ಯಾಮೆರಾ ಎತ್ತಿದ. ವರದಾ ಎದ್ದು ನಿಂತಳು. ಶಿವಬಸವ್ವ ಗೋಡೆಯ ಹತ್ತಿರ, ಕೈಗಳನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ, ಬಸ್ಸು ಬರುತ್ತದೋ ಇಲ್ಲವೋ ಎಂದು ರಸ್ತೆ ನೋಡುವವರ ನೋಟ.

'ನಾ ಕೇಳೂದಿಲ್ಲ,' ಎಂದಳು ವರದಾ, ಕನ್ನಡದಲ್ಲಿ.

ದನಿ ಮೆತ್ತಗಿತ್ತು. ಆ ಕೋಣೆಯಲ್ಲಿ ಇಬ್ಬರನ್ನು ಬಿಟ್ಟರೆ ಆ ಮಾತು ಯಾರಿಗೂ ತಿಳಿಯಲಿಲ್ಲ. ಪ್ರಶ್ನೆ ಕೇಳಿಯಾಯಿತು ಎಂದುಕೊಂಡು ಎಲ್ಲರೂ ಒಟ್ಟಿಗೇ ಶಿವಬಸವ್ವನ ಕಡೆ ತಿರುಗಿದರು. ಶೇಠರ ಉಂಗುರ ನಿಂತಿತು. ನೀಲಿಮಾ ಹುರಿದುಂಬಿಸುವ ಹಾಗೆ ತಲೆಯಾಡಿಸಿದಳು. ಕೇದಾರ್ ಸರ್ ನಗುತ್ತ, 'ಬೋಲಾ ಬಾಯಿ, ಬೋಲಾ' ಎಂದರು. ಶಿವಬಸವ್ವ ವರದಾಳನ್ನು ನೋಡಿದಳು, ಉಳಿದವರನ್ನು ನೋಡಿದಳು. ಇನ್ನು ಏನಾದರೂ ಹೇಳಲೇಬೇಕಾದವಳು ಅವಳೇ ಆಗಿದ್ದಳು. ಮತ್ತೆ ಅವಳ ಬಾಯಿಯೇ ಬೇಕಾಗಿತ್ತು. ರೂಢಿಯಿಂದ ತುಟಿ ತೆರೆಯಿತು, ಹೌದ್ರಿ ಎನ್ನಲಿಕ್ಕೆ.

'ಮೀ ವಿಚಾರಣಾರ್ ನಾಹೀ,' ಎಂದಳು ವರದಾ, ಅದೇ ಮಾತನ್ನು ಈಗ ಮರಾಠಿಯಲ್ಲಿ.

ಕ್ಯಾಮೆರಾ ಕೆಳಗಿಳಿಯಿತು. ಕೇದಾರ್ ಸರ್ ಅವರ ನಗು ಮುಖದ ಮೇಲೇ ಉಳಿದಿತ್ತು, ಅದರ ಕೆಳಗಿನ ಮುಖ ಬದಲಾಗಿತ್ತು. 'ಏನಂದೆ?' ಎಂದರು, ಮೆಲ್ಲಗೆ. 'ಕೂತ್ಕೋ. ನೀರು ಕುಡಿ. ಆಮೇಲೆ ಕೇಳು.'

ವರದಾ ಕೂರಲಿಲ್ಲ. 'ಅವರನ್ನ ಕೇಳೋದು ಏನೂ ಇಲ್ಲ ಸರ್,' ಎಂದಳು, ಮರಾಠಿಯಲ್ಲೇ, ಎಲ್ಲರಿಗೂ ತಿಳಿಯುವ ಹಾಗೆ. 'ಅವರು ಹೇಳಿಯಾಗಿದೆ. ಹೊರಳಿಸಿದವಳು ನಾನು. ನನ್ನನ್ನ ಕೇಳಿ. ಅವರನ್ನ ನಾನು ಕೇಳೋದಿಲ್ಲ.'